ಅಪ್ಪ ನೆಟ್ಟನೋ, ಹಕ್ಕಿ ನೆಟ್ಟಿತೋ

‘ಅಪ್ಪ ನೆಟ್ಟ ಆಲದ ಮರವೆಂದು ನೇಣು ಹಾಕಿಕೊಳ್ಳುತ್ತಾರೆಯೇ?’ ಹಳೆಯ ಪದ್ಧತಿಗೆ ಜೋತುಬಿದ್ದವರ ಬಾಯಿ ಮುಚ್ಚಿಸಲು ಇದಕ್ಕಿಂತ ಹರಿತವಾದ ಗಾದೆ ಸಿಗುವುದು ಕಷ್ಟ. ಎಲ್ಲರ ಗಮನವೂ ನೇಣಿನ ಮೇಲೆ ಇರುವುದರಿಂದ ಗಾದೆಯ ಮೊದಲರ್ಧ ತನಿಖೆಯಿಲ್ಲದೆ ಪಾರಾಗಿಬಿಡುತ್ತದೆ. ಆಲವನ್ನು ನಿಜಕ್ಕೂ ಅಪ್ಪನೇ ನೆಟ್ಟನೇ?

ನೆಟ್ಟವರಿದ್ದಾರೆ. ಹುಲಿಕಲ್–ಕುದೂರು ರಸ್ತೆಯ ಆಲಗಳನ್ನು ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ನೀರು ಹೊತ್ತು ಬೆಳೆಸಿದರು. ಆದರೆ ತಾನಾಗಿ ಹುಟ್ಟುವ ಆಲಕ್ಕೆ ನೆಲವೇ ಬೇಕೆಂದಿಲ್ಲ. ಹಣ್ಣು ತಿಂದ ಕುಟ್ರ ಹಕ್ಕಿಯೋ ಬಾವಲಿಯೋ ಇನ್ನೊಂದು ಮರದ ಮೇಲೆ ಹಿಕ್ಕೆ ಹಾಕುತ್ತದೆ. ಅದರೊಳಗಿನ ಪುಟ್ಟ ಬೀಜ ಕವಲಿನಲ್ಲೋ ಪೊಟರೆಯಲ್ಲೋ ಮೊಳೆಯುತ್ತದೆ. ಅರಳಿ, ಬಸರಿ, ಗೋಣಿ ಮರಗಳದ್ದೂ ಇದೇ ಜಾಡು.

ಬಯಲುಸೀಮೆಯ ಈಚಲನ್ನೇ ಹತ್ತಿರದಿಂದ ನೋಡಬೇಕು. ಗರಿ ಒಣಗಿ ಬಿದ್ದರೂ ಅದರ ಬುಡ ಕಾಂಡಕ್ಕೆ ಅಂಟಿಕೊಂಡೇ ಇರುತ್ತದೆ. ಆ ಸಂದಿಯಲ್ಲಿ ದೂಳು, ತರಗು, ಮಳೆಯ ತೇವ ಸೇರಿ ಹಿಡಿಯಷ್ಟು ಗೊಬ್ಬರವಾಗುತ್ತದೆ. ಅಲ್ಲಿ ಹುಟ್ಟಿದ ಆಲದ ಸಸಿ ತೆಳ್ಳನೆಯ ಬೇರುಗಳನ್ನು ಕಾಂಡದ ಗುಂಟ ಕೆಳಗಿಳಿಸುತ್ತದೆ. ಬೇರು ನೆಲ ಮುಟ್ಟಿತೋ, ಆಟವೇ ಬೇರೆ. ಒಂದೊಂದೂ ದಪ್ಪವಾಗುತ್ತದೆ, ಎರಡು ತಾಗಿದಲ್ಲಿ ಬೆಸೆದುಕೊಂಡು, ಆಸರೆಯ ಮರದ ಸುತ್ತ ಬಲೆಯಾಗುತ್ತದೆ.

ಮಾವಿನ ಕೊಂಬೆಗೆ ಹತ್ತುವ ಬಂದಳಿಕೆಯಂತೆ ಆಲ ಆಸರೆಯ ಮರದ ರಸ ಹೀರುವುದಿಲ್ಲ. ಇಷ್ಟರಿಂದಲೇ ಅದನ್ನು ಸಾಧು ಎನ್ನುವಂತಿಲ್ಲ. ಮಾವು, ಹೊನ್ನೆಗಳಂಥ ಮರಗಳ ಕಾಂಡ ವರ್ಷವರ್ಷವೂ ದಪ್ಪವಾಗಬೇಕು. ಬಲೆ ಅದಕ್ಕೆ ಎಡೆ ಕೊಡುವುದಿಲ್ಲ. ತೊಗಟೆಯ ಕೆಳಗೆ ಆಹಾರ ಹರಿಯುವ ದಾರಿ ಅದುಮಿಹೋಗುತ್ತದೆ. ಮಣ್ಣಿನ ನೀರಿಗೂ ಪೈಪೋಟಿ. ಈಚಲು, ತಾಳೆಗಳ ಕಾಂಡ ಹಾಗೆ ದಪ್ಪವಾಗುವ ಜಾತಿಯದಲ್ಲ. ಹಾಗಾಗಿ ಹಿಸುಕಿದರೂ ಅವು ಬಹುಕಾಲ ಜಗ್ಗುವುದಿಲ್ಲ. ಅವನ್ನು ಸೋಲಿಸುವುದು ನೆರಳು: ಇರುವ ಒಂದು ತಲೆಯ ಮೇಲೆ ಆಲ ಹಂದರ ಹಾಕಿಬಿಟ್ಟರೆ ಬಿಸಿಲಿಗೆ ಬೇರೆ ಕೊಂಬೆ ಚಾಚುವ ಉಪಾಯ ಅವಕ್ಕಿಲ್ಲ.

ಗಾದೆಯ ಅಪ್ಪನ ಹಕ್ಕನ್ನು ಅಲುಗಾಡಿಸುವ ಸಾಕ್ಷಿ ಕೋಲ್ಕತ್ತದ ಪಕ್ಕ, ಹೌರಾದ ಸಸ್ಯೋದ್ಯಾನದಲ್ಲಿದೆ. ಅಲ್ಲಿನ ಮಹಾ ಆಲದ ಹುಟ್ಟಿನ ಸುದ್ದಿಯನ್ನು ಸಸ್ಯವಿಜ್ಞಾನಿ ಜೋಸೆಫ್ ಹೂಕರ್ 1854ರಲ್ಲಿ ಪ್ರಕಟವಾದ ತಮ್ಮ ಹಿಮಾಲಯ ಪ್ರವಾಸಕಥನದಲ್ಲಿ ದಾಖಲಿಸಿದ್ದಾರೆ. 1782ರಲ್ಲಿ ಆ ಜಾಗದಲ್ಲಿ ನಿಂತಿದ್ದದ್ದು ಒಂದು ಈಚಲು. ಆಲ ಚಿಗುರಿದ್ದು ಅದರ ತಲೆಯಲ್ಲಿ. ಬುಡದಲ್ಲೊಬ್ಬ ಫಕೀರ ಕೂರುತ್ತಿದ್ದನಂತೆ. ಇದು ಕಂಡವರು ಹೇಳಿದ ಮಾತು. ಅವರು ಬಾಯಿ ಬಿಡದೆ ಹೋಗಿದ್ದರೆ ಇಷ್ಟು ದೊಡ್ಡ ಮರವನ್ನು ಯಾವನೋ ಪುಣ್ಯಾತ್ಮನ ಹೆಸರಿಗೆ ಬರೆಯಲು ಎಷ್ಟು ಹೊತ್ತು? ಎರಡು ತಲೆಮಾರು ಸರಿದರೆ ಸಾಕು, ಹಕ್ಕಿ ಬಿತ್ತಿದ್ದು ಅಪ್ಪನ ಖಾತೆಗೆ ಜಮೆಯಾಗುತ್ತದೆ. ಅನಾದಿ ಕಾಲದ್ದೆಂದು ಮನೆಮನೆಗಳಲ್ಲಿ ಸಮರ್ಥಿಸಿಕೊಳ್ಳುವ ಪದ್ಧತಿಗಳಲ್ಲೂ ಇಂಥ ಜಮೆ ಕಡಿಮೆಯೇನಿರಲಿಕ್ಕಿಲ್ಲ.

ಹೌರಾದ ಆ ಮರದ ಮೂಲ ಕಾಂಡಕ್ಕೆ 1864 ಮತ್ತು 1867ರ ಚಂಡಮಾರುತಗಳಲ್ಲಿ ಪೆಟ್ಟಾಯಿತು. ಗಾಯಕ್ಕೆ ಶಿಲೀಂಧ್ರ ಹತ್ತಿ, 1925ರಲ್ಲಿ ಅದನ್ನು ಕತ್ತರಿಸಿ ತೆಗೆದರು. ಬಿಳಲುಗಳ ಮೇಲೆ ಮರ ಹಬ್ಬುತ್ತಲೇ ಇದೆ. ಬೆಂಗಳೂರಿನ ಹೊರವಲಯದ ಕೇತೋಹಳ್ಳಿಯಲ್ಲಿ ಸುಮಾರು 3 ಎಕರೆ ಹರಡಿರುವ ದೊಡ್ಡ ಆಲದ ಮರದ ಮೂಲ ಕಾಂಡವೂ ರೋಗ ತಗುಲಿ ಹೋಗಿದೆ. ಅಲ್ಲಿಯೂ ಭಾರ ಹೊತ್ತಿರುವುದು ಬಿಳಲುಗಳೇ.