ಬಿಲ್ಲಿಗೆ ಬಾರದ ಒಂದು ಗಂಟೆ

ಅಪ್ಪ, ಅಮ್ಮನಿಗೆ ಸಮುದ್ರ ತೋರಿಸಬೇಕೆಂದು ಮುಂಬೈ–ಗೋವಾ ನಡುವಿನ ಕಾರ್ಡೆಲಿಯಾ ಕ್ರೂಸ್ ದರ ಕೇಳಲು ಹೆಗ್ಗನಹಳ್ಳಿಯ ಏಜೆಂಟರೊಬ್ಬರ ಬಳಿ ಹೋಗಿದ್ದೆ. ಒಂದು ಗಂಟೆ ಕೂರಿಸಿಕೊಂಡು ವಿವರಿಸಿದರು: ಜಾಹೀರಾತಿನ ದರ ಒಬ್ಬರಿಗೆ, ಅದೂ ಕ್ಯಾಬಿನ್‌ನಲ್ಲಿ ಇಬ್ಬರಿದ್ದರೆ, ಬಂದರು ಶುಲ್ಕ, ಸಿಬ್ಬಂದಿಯ ಟಿಪ್ಸ್, ಜಿಎಸ್‌ಟಿ ಎಲ್ಲ ಕೂಡಿಸಿದ ಮೇಲೆಯೇ ಹೋಲಿಸಬೇಕು. ಅವರು ಕಲಿಸಿದಂತೆಯೇ ಹೋಲಿಸಿದೆ. 2,000 ರೂಪಾಯಿ ಕಡಿಮೆಗೆ ಬೇರೆಡೆ ಬುಕ್ ಮಾಡಿದೆ.

ಚೌಕಾಸಿ ತಪ್ಪಲ್ಲ, ದುಡಿದ ಹಣಕ್ಕೆ ಲೆಕ್ಕ ಬೇಕು. ಆದರೆ ಏಜೆಂಟರಿಗೆ ಸಿಗುವುದು ಟಿಕೆಟ್ ಮೇಲಿನ ಕಮಿಷನ್. ಆ ಗಂಟೆಗೆ ಬಿಲ್ಲಿಲ್ಲ. ಬೆಲೆ ಕೇಳದ್ದಕ್ಕೆ ಬೆಲೆಯೇ ಇಲ್ಲವೇ? ಕನಿಷ್ಠ, ಬೇರೆಡೆಯ ದರ ತಿಳಿಸಿ ಅವರಿಗೊಂದು ಅವಕಾಶ ಕೊಡಬಹುದಿತ್ತು. ಕಾನೂನಿನ ಪ್ರಕಾರ ನನ್ನಿಂದ ಅವರಿಗೆ ಏನೂ ಬಾಕಿಯಿಲ್ಲ. ಆದರೂ ಆ ಅಂಗಡಿ ಹತ್ತಿರ ಬಂದಾಗ ರಸ್ತೆಯ ಆಚೆ ಬದಿಗೆ ದಾಟುತ್ತೇನೆ. ಸಾಲವಿಲ್ಲದವನು ಹಾಗೇಕೆ ದಾಟಬೇಕು?