ಇಂದಿನ ಧಮ್ಮ ಚಿಂತನೆ: ಮೇಜಿನ ಮೇಲೆ ಇಲ್ಲದವನು



ಜಪಾನಿನ ಸಮುರಾಯ್ ಯುದ್ಧಗಳನ್ನು ಮೇಜಿನ ಮೇಲೆ ಆಡುವ ಆಟವೊಂದಿದೆ. ಒಂದಿಂಚು ಎತ್ತರದ ಗೊಂಬೆಗಳಿಗೆ ಬಣ್ಣ ಬಳಿದು, ದಂಡು ಕಟ್ಟಿ, ದಾಳ ಉರುಳಿಸಿ 1600ರ ಸೆಕಿಗಹಾರ ಕಾಳಗವನ್ನು ಮತ್ತೆ ಹೂಡುತ್ತಾರೆ. ದೊರೆ, ಕುದುರೆ, ಬಾವುಟ, ಕಾಲಾಳು ಎಲ್ಲ ಅಲ್ಲಿರುತ್ತವೆ.

ಒಬ್ಬನ ಗೊಂಬೆ ಮಾತ್ರ ಕಾಣುವುದಿಲ್ಲ. ಆ ಯೋಧರ ಕವಚಕ್ಕೆ, ಕುದುರೆಯ ಜೀನಿಗೆ ತೊಗಲು ಹದ ಮಾಡಿಕೊಟ್ಟವನದು. ದೊರೆಗಳಿಗೆ ಅವನ ತೊಗಲು ಬೇಕಿತ್ತು, ಅವನ ಸಂಗ ಬೇಡವಾಗಿತ್ತು. ಅವನ ಕೇರಿಯನ್ನು ಬೇರೆಯೇ ಇಟ್ಟರು. ಆ ಹೀನ ಹೆಸರನ್ನು ಸರ್ಕಾರ ತೆಗೆದದ್ದು 1871ರಲ್ಲಿ. ಅವಮಾನ ಮಾತ್ರ ಹೋಗಲಿಲ್ಲ. 1922ರಲ್ಲಿ ಆ ಸಮುದಾಯದವರೇ ಕ್ಯೋಟೋದಲ್ಲಿ ಸೇರಿ ಸಮಾನತೆಗಾಗಿ 'ಸೂಯ್ಹೇಶಾ' ಸಂಘ ಕಟ್ಟಿದರು. ಬಾಬಾಸಾಹೇಬರ ಮಹಾಡ್ ಸತ್ಯಾಗ್ರಹಕ್ಕೆ ಐದು ವರ್ಷ ಮೊದಲು.

ಯಾವುದೂ ತಾನೇ ತಾನಾಗಿ ನಿಂತಿಲ್ಲ ಎಂಬುದೇ ಭಗವಾನ್ ಬುದ್ಧರ ಪಟಿಚ್ಚಸಮುಪ್ಪಾದ. ತೊಗಲಿಲ್ಲದೆ ಕವಚ ಕೂಡದು, ಕವಚವಿಲ್ಲದೆ ಶೂರ ಕಾಳಗಕ್ಕಿಳಿಯನು. ಆಸರೆಯಾದವನನ್ನು ಕಾಣದ ಕಣ್ಣಿನಲ್ಲಿ ಸಮ್ಯಕ್ ದೃಷ್ಟಿ ಇಲ್ಲ.

ಬಂಧುಗಳೇ, ನರಗುಂದದ ಗುಡ್ಡವನ್ನೋ ಗಜೇಂದ್ರಗಡದ ಕೋಟೆಯನ್ನೋ ಮಕ್ಕಳಿಗೆ ತೋರಿಸುವಾಗ ಅರಸರ ಹೆಸರಷ್ಟೇ ಹೇಳಿ ಸುಮ್ಮನಾಗಬೇಡಿ. ಕಲ್ಲು ಹೊತ್ತವರು ಯಾರು, ಜೀನು ಹೊಲಿದವರು ಯಾರು ಎಂದು ಅವರನ್ನೇ ಕೇಳಿ.

ಭವತು ಸಬ್ಬ ಮಂಗಲಂ.