ಒಡೆಯನಿಲ್ಲದ ಬೋಕಿ

ಹಾಳೂರನ್ನು ನೋಡಹೋದವನು ನೆನಪಿಗೆಂದು ಅಲ್ಲಿಯ ಚೂರೊಂದನ್ನು ಮನೆಗೆ ತರಬಹುದೆ? ಪ್ರಶ್ನೆಯು ಅಲ್ಪವೆಂದು ತೋರಬಹುದು. ಆದರೆ ಕೇಳುವ ಒಡೆಯನೇ ಇಲ್ಲದ ವಸ್ತುವಿನ ಮುಂದೆ ಮನುಷ್ಯನ ಪ್ರಾಮಾಣಿಕತೆಗೆ ಆಗುವ ಪರೀಕ್ಷೆಯು ಅಲ್ಪವಲ್ಲ.

ಮೈಸೂರಿನ ಕುಂಬಾರಕೊಪ್ಪಲಿನ ಗೃಹಸ್ಥನೊಬ್ಬನು ಮಕ್ಕಳೊಡನೆ ಚಿತ್ರದುರ್ಗದ ಮಗ್ಗುಲಿನ ಚಂದ್ರವಳ್ಳಿಗೆ ಹೋದನೆಂದು ಇಟ್ಟುಕೊಳ್ಳಬಹುದು. ಕೆರೆ, ಗವಿ, ಭೈರವೇಶ್ವರನ ಗುಡಿಯ ಬಳಿಯ ಕದಂಬ ಮಯೂರಶರ್ಮನ ಶಾಸನ, ಎಲ್ಲವನ್ನೂ ಕಂಡಾದ ಮೇಲೆ ಮಗುವು ಕಾಲಡಿಯ ಬೋಕಿಯೊಂದನ್ನು ಎತ್ತಿಕೊಳ್ಳುತ್ತದೆ. ಕುಂಟೆಬಿಲ್ಲೆಗೆ ಒಪ್ಪುವ ಚೂರು. ಕುಂಬಾರರ ಹೆಸರನ್ನೇ ಹೊತ್ತ ಕೊಪ್ಪಲಿನವರಿಗೆ ಮಡಕೆಯ ಚೂರೊಂದು ಯಾವ ಮಹಾ ವಸ್ತು?

ಸತ್ತವರಿಗೆ ಅದು ಬೇಡ, ಇರುವವರಾರೂ ಕೇಳರು, ಮನೆಯಲ್ಲಿದ್ದರೆ ಮಗುವಿಗೆ ಚರಿತ್ರೆಯಲ್ಲಿ ಆಸಕ್ತಿಯಾದರೂ ಹುಟ್ಟೀತು ಎಂದು ತಂದೆಯು ವಾದಿಸಬಹುದು. ಕಡೆಯ ಮಾತಿಗೆ ತೂಕವಿಲ್ಲದೆ ಇಲ್ಲ.

ಆದರೆ ಇದೇ ನೆಲದಲ್ಲಿ ರೋಮಿನ ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳು ದೊರೆತಿವೆ. ಮಗುವು ಎತ್ತಿದ್ದು ನಾಣ್ಯವಾಗಿದ್ದರೆ ಅದೇ ತಂದೆಯು ಅಧಿಕಾರಿಗಳಿಗೆ ಒಪ್ಪಿಸೆನ್ನುತ್ತಿದ್ದನು. ಹಾಗಾದರೆ ಅವನು ಗೌರವಿಸಿದುದು ಪ್ರಾಚೀನತೆಯನ್ನೊ, ಬೆಳ್ಳಿಯನ್ನೊ? ನಾಣ್ಯವು ತನ್ನನ್ನು ಅಚ್ಚು ಹಾಕಿಸಿದ ದೊರೆಯ ಹೆಸರನ್ನು ಹೇಳಿ ಸುಮ್ಮನಾಗುವುದು. ಅದು ಕಡಲನ್ನು ದಾಟಿ ಬಂದು ಇಲ್ಲಿ ಎಂತಹ ಜನರ ನಡುವೆ ಉಳಿಯಿತೆಂಬುದಕ್ಕೆ ನೆರೆಯ ಬೋಕಿಗಳೇ ಸಾಕ್ಷಿ. 1929-30ರ ಸುಮಾರಿನಲ್ಲಿ ಎಂ. ಎಚ್. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವೀಲರರೂ ಇಲ್ಲಿ ಅಗೆಯಿಸಿದರು. ಯಾವ ಪದರದಲ್ಲಿ ಯಾವುದರೊಡನೆ ಯಾವುದು ಸಿಕ್ಕಿತೆಂಬುದರಿಂದಲೇ ವೀಲರರು ಕಾಲವನ್ನು ಎಣಿಸಿದರು. ಎಡೆಗೆಟ್ಟ ಬೋಕಿಯು ನಾಲಿಗೆ ಕಳೆದುಕೊಂಡ ಸಾಕ್ಷಿಯೇ ಸರಿ.

ಮೇಲೆ ಬಿದ್ದ ಚೂರು ಮಳೆಗೆ ಸಿಕ್ಕಿ ಆಗಲೇ ಎಡೆಗೆಟ್ಟಿರುವುದಲ್ಲವೆ ಎನ್ನಬಹುದು. ನಿಜ, ಅದರ ಸಾಕ್ಷ್ಯವು ಕಿರಿದು. ಆದರೂ ಎಲ್ಲಿ ಅಗೆಯಬೇಕೆಂಬುದಕ್ಕೆ ಮೇಲೆ ಚೆದುರಿದ ಚೂರುಗಳೇ ಮೊದಲ ಸೂಚನೆ.

ಕ್ರಿ. ಶ. 79ರಲ್ಲಿ ಬೂದಿಯಡಿ ಹೂತುಹೋದ ಪೊಂಪೆಯಿಯಿಂದ ಕಲ್ಲುಚೂರುಗಳನ್ನು ಒಯ್ದ ಯಾತ್ರಿಕರಲ್ಲಿ ಎಷ್ಟೋ ಮಂದಿ ವರ್ಷಗಳ ತರುವಾಯ ಕ್ಷಮಾಪಣೆಯ ಕಾಗದದೊಡನೆ ಅವನ್ನು ಅಂಚೆಯಲ್ಲಿ ಹಿಂದಿರುಗಿಸಿದ್ದಾರೆ. ಕಲ್ಲು ಊರನ್ನು ಸೇರುತ್ತದೆ. ತಾನಿದ್ದ ಎಡೆಯನ್ನು ಸೇರುವುದೆಂತು?

ಟೈಬೀರಿಯಸನ ಹೆಸರನ್ನು ಕಾಯಲು ಗ್ರಂಥಗಳಿವೆ. ಚಂದ್ರವಳ್ಳಿಯ ಕುಂಬಾರನಿಗೆ ತಿಗರಿಯ ಮೇಲೆ ಅವನ ಬೆರಳು ಬಿಟ್ಟ ಗೆರೆಯ ಹೊರತು ಬೇರೆ ಗುರುತಿಲ್ಲ. ತಂದೆಯು ಆ ಗೆರೆಯನ್ನು ಮಗುವಿಗೆ ತೋರಿಸಲಿ, ಮುಟ್ಟಿಸಲಿ, ಮತ್ತೆ ಇದ್ದಲ್ಲಿಯೇ ಇಡಿಸಲಿ. ಮಗುವು ಸ್ವಲ್ಪ ಅತ್ತೀತು. ಕುಂಟೆಬಿಲ್ಲೆಗೆ ಕೊಪ್ಪಲಿನ ಅಂಗಳದಲ್ಲಿ ಹೆಂಚಿನ ಚೂರುಗಳಿಗೇನು ಬರವೆ?